ಇತಿಹಾಸ ಬರೆಯದ ಇತಿಹಾಸಕಾರ: ಕಾಲಿನ್ ಮೆಕೆಂಜಿ, ಕಾವಲಿ ಸಹೋದರರು ಮತ್ತು ನಮ್ಮ ಊರುಗಳ ಕೈಫಿಯತ್ತು

ಹಳೇಕಡತ (ಚರ್ಚೆ ಆರಂಭಿಸಿದವರು)

ಮೈಸೂರು ಸೀಮೆಯ ಊರೊಂದರ ಚರಿತ್ರೆ ಬರೆಯಲು ಕುಳಿತವರಿಗೆ ಒಂದಲ್ಲ ಒಂದು ಹಂತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ವೆ ಅಧಿಕಾರಿ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ಎದುರಾಗಿಯೇ ಆಗುತ್ತದೆ. ಪಾಳೆಯಗಾರರ ವಂಶಾವಳಿಗೂ, ಪಾಳುಬಿದ್ದ ಕೋಟೆಯ ಐತಿಹ್ಯಕ್ಕೂ, ದೇವಸ್ಥಾನದ ಮಾನ್ಯಕ್ಕೂ (ತೆರಿಗೆಯಿಲ್ಲದೆ ಬಿಟ್ಟ ಭೂಮಿಗೂ) ಆಧಾರವಾಗಿ ‘ಮೆಕೆಂಜಿ ಸಂಗ್ರಹ’ ಎಂದು ಒಂದು ಅಡಿಟಿಪ್ಪಣಿ ಹಾಕಿ ಮುಂದೆ ಸಾಗುವುದು ರೂಢಿ. ಆ ಅಡಿಟಿಪ್ಪಣಿಯ ಹಿಂದಿರುವ ಮನುಷ್ಯನ ಬದುಕನ್ನೂ, ಅವನ ಹೆಸರಿನಲ್ಲಿ ಊರೂರು ಅಲೆದು ಕೈಫಿಯತ್ತುಗಳನ್ನು, ಅಂದರೆ ಊರಿನವರು ತಮ್ಮ ಊರಿನ ಚರಿತ್ರೆಯ ಬಗ್ಗೆ ಕೊಟ್ಟ ಹೇಳಿಕೆಗಳನ್ನು, ಕಲೆಹಾಕಿದವರ ಬದುಕನ್ನೂ ಇಲ್ಲಿ ಚರ್ಚೆಗೆ ಇಡಬೇಕೆಂದಿದ್ದೇನೆ.

ಮೆಕೆಂಜಿ ಹುಟ್ಟಿದ್ದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಬಂದರು ಪಟ್ಟಣದಲ್ಲಿ, 1754ರ ಸುಮಾರಿಗೆ. ಅಲ್ಲಿಯೇ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು ಮೂವತ್ತರ ಆಸುಪಾಸಿನಲ್ಲಿ ಆ ಕೆಲಸ ಬಿಟ್ಟು, 1783ರಲ್ಲಿ ಮದ್ರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿದ. ಮುಂದೆ ಎಂಜಿನಿಯರುಗಳ ದಳಕ್ಕೆ ವರ್ಗವಾದ. ಭಾರತದ ವಿದ್ಯೆಯ ಕಡೆಗೆ ಅವನಿಗೆ ಆಸಕ್ತಿ ಹುಟ್ಟಿದ್ದು ಗಣಿತದ ದಾರಿಯಿಂದ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಜೀವನಚರಿತ್ರೆಯನ್ನು ಸಿದ್ಧಪಡಿಸುತ್ತಿದ್ದ ಅದೇ ಮನೆತನದ ಲಾರ್ಡ್ ನೇಪಿಯರ್, ಹಿಂದೂಗಳ ಗಣಿತಜ್ಞಾನದ ಬಗ್ಗೆ ವಿಷಯ ಕಲೆಹಾಕುವ ಕೆಲಸಕ್ಕೆ ಇವನನ್ನು ಹಚ್ಚಿದ್ದ. ಭಾರತಕ್ಕೆ ಬಂದ ಮೇಲೆ ಮದುರೈಯಲ್ಲಿದ್ದ ನೇಪಿಯರನ ಮಗಳು ಹೆಸ್ಟರ್ ಜಾನ್‌ಸ್ಟನ್ ಅವರ ಮೂಲಕ ಅಲ್ಲಿಯ ಬ್ರಾಹ್ಮಣ ವಿದ್ವಾಂಸರ ಪರಿಚಯವೂ ಆಯಿತು. ಆದರೆ ಅನಂತರದ ಹತ್ತಕ್ಕೂ ಹೆಚ್ಚು ವರ್ಷಗಳು ದಂಡಯಾತ್ರೆ, ಕೋಟೆಗಳ ಮುತ್ತಿಗೆ, ನಿಜಾಮನ ಸೀಮೆಯ ಅಳತೆ, ಸಿಲೋನಿನ ಯುದ್ಧ ಎಂದು ಕಳೆದವು. ಮೂರನೆಯ ಮೈಸೂರು ಯುದ್ಧದಲ್ಲಿಯೂ, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಅವನು ಎಂಜಿನಿಯರನಾಗಿ ಇದ್ದ ಎಂಬುದನ್ನು ನಾವು ಮರೆಯಬಾರದು. ನಮ್ಮ ನಾಡಿಗೆ ಅವನು ಮೊದಲು ಬಂದದ್ದು ಶತ್ರುಸೈನ್ಯದ ಜೊತೆಗೆ.

ಅವನ ಬದುಕಿನ ತಿರುವು 1796. ಸಿಲೋನಿನಿಂದ ಮರಳಿದಾಗ ಏಲೂರಿನ ಕಡೆಯ ಕಾವಲಿ ವೆಂಕಟ ಬೋರಯ್ಯ ಎಂಬ ತೆಲುಗು ಬ್ರಾಹ್ಮಣ ತರುಣ ಅವನ ಬಳಿ ಕೆಲಸಕ್ಕೆ ಸೇರಿದ. ತೆಲುಗು, ಸಂಸ್ಕೃತ, ಪಾರಸಿ, ಇಂಗ್ಲಿಷ್ ಬಲ್ಲ, ಆಗ ಇಪ್ಪತ್ತರ ಹರೆಯದ ಹುಡುಗ. ತಾನು ಭಾರತೀಯ ಜ್ಞಾನದ ಹೆಬ್ಬಾಗಿಲನ್ನು ದಾಟಿದ್ದು ಈ ಒಬ್ಬ ಬ್ರಾಹ್ಮಣನ ಸಂಪರ್ಕದಿಂದ ಎಂದು ಮೆಕೆಂಜಿಯೇ 1817ರಲ್ಲಿ ಅಲೆಕ್ಸಾಂಡರ್ ಜಾನ್‌ಸ್ಟನ್‌ಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಬೋರಯ್ಯ 1803ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಅವನ ತಮ್ಮ ವೆಂಕಟ ಲಕ್ಷ್ಮಯ್ಯ ಆ ಜಾಗಕ್ಕೆ ಬಂದು, ಮೆಕೆಂಜಿ ಸಾಯುವವರೆಗೂ ಸಂಗ್ರಹಕಾರರ ಪಡೆಯನ್ನು ನಡೆಸಿದ.

ನನ್ನ ವಾದ ಇಷ್ಟು. ಮೆಕೆಂಜಿ ಯಾವ ಭಾರತೀಯ ಭಾಷೆಯನ್ನೂ ಓದಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯಲಿಲ್ಲ, ಕೆಲವು ಲೇಖನಗಳನ್ನು ಬಿಟ್ಟರೆ ಇತಿಹಾಸ ಗ್ರಂಥವೆನ್ನುವಂಥದ್ದನ್ನು ಬರೆಯಲೂ ಇಲ್ಲ. ಯಾರನ್ನು ಕೇಳಬೇಕು, ಯಾವ ಓಲೆಯನ್ನು ಪ್ರತಿ ಮಾಡಿಸಬೇಕು, ಯಾವ ಹೇಳಿಕೆ ನಂಬಲರ್ಹ, ಯಾವುದು ಕಟ್ಟುಕಥೆ ಎಂಬ ನಿರ್ಧಾರಗಳನ್ನು ಊರಿನ ಜಗಲಿಯ ಮೇಲೆ ಕುಳಿತು ಮಾಡಿದವರು ಬೋರಯ್ಯ, ಲಕ್ಷ್ಮಯ್ಯ, ನಾರಾಯಣರಾವ್, ಆನಂದರಾವ್, ಧರ್ಮಯ್ಯ ಮುಂತಾದವರು. ಇತಿಹಾಸಕಾರನ ಕೆಲಸವೆಂದರೆ ಅದೇ ತಾನೆ? ಹಾಗಿದ್ದರೆ ಮೆಕೆಂಜಿಯನ್ನು ದಾಖಲೆಗಳ ಪೋಷಕ ಎನ್ನೋಣ, ಇತಿಹಾಸಕಾರರ ಪಟ್ಟವನ್ನು ಇವರಿಗೆ ಕೊಡೋಣ. ಬಲ್ಲವರು ತಮ್ಮ ಅಭಿಪ್ರಾಯ ತಿಳಿಸಬೇಕು.


ಬಾಂದುಕಲ್ಲು

ಹಳೇಕಡತ ಅವರ ಬರಹ ಚೆನ್ನಾಗಿದೆ, ಆದರೆ ಅದರಲ್ಲಿ ಸರ್ವೆಯೇ ಕಾಣುತ್ತಿಲ್ಲ. ಭೂಮಾಪನದ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ಈ ಮಾತು ಹೇಳುತ್ತಿದ್ದೇನೆ: ಮೆಕೆಂಜಿಯ ಸಂಬಳ ಬರುತ್ತಿದ್ದದ್ದು ಕೈಫಿಯತ್ತಿಗಲ್ಲ, ನಕ್ಷೆಗೆ.

ಟಿಪ್ಪು ಸುಲ್ತಾನನ ಪತನದ ಬಳಿಕ ರಾಜ್ಯವನ್ನು ಕಂಪನಿ, ನಿಜಾಮ ಮತ್ತು ಮೈಸೂರಿನ ಒಡೆಯರ ನಡುವೆ ಹಂಚಿದಾಗ, ಯಾವ ಹಳ್ಳಿ ಯಾರ ಪಾಲಿಗೆ ಎಂಬುದನ್ನು ನೆಲದ ಮೇಲೆ ತೋರಿಸುವವರು ಬೇಕಾಗಿದ್ದರು. ಮೈಸೂರು ಸರ್ವೆ ಹುಟ್ಟಿದ್ದು ಈ ಗಡಿಯ ಅಗತ್ಯದಿಂದ. ಅದೇ ಹೊತ್ತಿನಲ್ಲಿ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಮಿತಿಯ ಕೆಲಸ ಶುರುಮಾಡಿದ್ದ. ಅವನದು ಭೂಮಿಯ ಆಕಾರದ ಲೆಕ್ಕ, ಮೆಕೆಂಜಿಯದು ಕೆರೆ, ಹಳ್ಳ, ಗುಡ್ಡ, ದಾರಿ, ಊರು, ಬೆಳೆಗಳ ಲೆಕ್ಕ. ಸಹಾಯಕ್ಕೆ ಜಾನ್ ಮೇದರ್, ವಿಲಿಯಂ ಆರ್ಥರ್ ಎಂಬ ಸರ್ವೆಯರುಗಳೂ, ಮದ್ರಾಸಿನ ವೀಕ್ಷಣಾಲಯಕ್ಕೆ ಸೇರಿದ ಸರ್ವೆ ಶಾಲೆಯಲ್ಲಿ ತರಬೇತಾದ ಹುಡುಗರೂ ಇದ್ದರು. ಈ ಹುಡುಗರಲ್ಲಿ ಹೆಚ್ಚಿನವರು ಯುರೋಪಿಯನ್ ತಂದೆಗೂ ಭಾರತೀಯ ತಾಯಿಗೂ ಹುಟ್ಟಿ ಅನಾಥಾಲಯದಲ್ಲಿ ಬೆಳೆದವರು. ನಮ್ಮ ಕಾಡುಗಳ ಜ್ವರಕ್ಕೆ ಸಿಕ್ಕಿ ಈ ತಂಡದಲ್ಲಿ ಆರೋಗ್ಯ ಕೆಡಿಸಿಕೊಳ್ಳದವರು ಕಡಿಮೆ. ಮೇದರ್ 1806ರಲ್ಲಿ ಆರೋಗ್ಯ ಕೆಟ್ಟು ಕೆಲಸವನ್ನೇ ಬಿಡಬೇಕಾಯಿತು.

ಕೆಲಸ ಆರಂಭವಾಗಿ ಹೆಚ್ಚು ಕಾಲ ಕಳೆಯುವ ಮೊದಲೇ, 1801ರಲ್ಲಿ, ಲಂಡನ್ನಿನ ನಿರ್ದೇಶಕರು ಖರ್ಚಿಗೆ ಕತ್ತರಿ ಹಾಕಿದರು. ಹಾಗಿದ್ದೂ ಸುಮಾರು 40,000 ಚದರ ಮೈಲಿ ನೆಲದ ಅಳತೆ ಮುಗಿಸಿ, ನಕ್ಷೆಗಳ ಜೊತೆಗೆ ಏಳು ದೊಡ್ಡ ಸಂಪುಟಗಳ ವರದಿಯನ್ನು ಮೆಕೆಂಜಿ ಒಪ್ಪಿಸಿದ. ಹಂಪಿಯ ಅವಶೇಷಗಳ ಮೊದಲ ನಕ್ಷೆಯೂ ಇದೇ ತಂಡದ್ದು. ಆದ್ದರಿಂದ ಅವನು ಬರಿಯ ಪೋಷಕ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಊರಿನ ಹೆಸರು, ಹೋಬಳಿ, ಗಡಿ, ನೀರಿನ ಆಸರೆ ಯಾವುದೆಂದು ನಕ್ಷೆಯಲ್ಲಿ ಗುರುತಾಗಿರುವುದರಿಂದಲೇ ಅದೇ ಊರಿನ ಕೈಫಿಯತ್ತು ಇಂದಿಗೂ ಬಳಸಲು ಬರುತ್ತದೆ. ಸ್ಥಳ ತಿಳಿಯದ ಐತಿಹ್ಯವನ್ನು ಇಟ್ಟುಕೊಂಡು ಏನು ಮಾಡುತ್ತೀರಿ?


ಬಸದಿಯ ಓದುಗಿ

ಇಬ್ಬರೂ ಜೈನ ವಿದ್ವಾಂಸರ ಪಾತ್ರವನ್ನು ಹೆಸರಿಗೆ ಮಾತ್ರ ತಂದಿದ್ದೀರಿ, ಅಥವಾ ಬಿಟ್ಟೇ ಬಿಟ್ಟಿದ್ದೀರಿ. ಮೈಸೂರು ಸೀಮೆಯ ಮಟ್ಟಿಗೆ ಅದೇ ಮುಖ್ಯವಾದದ್ದೆಂದು ನನ್ನ ಅನಿಸಿಕೆ.

1816ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೆಕೆಂಜಿಯ ತೈಲಚಿತ್ರವನ್ನು ಬರೆದ. ಕೆಂಪು ಸಮವಸ್ತ್ರದ ಮೆಕೆಂಜಿಯ ಜೊತೆಗೆ ಅದರಲ್ಲಿ ಮೂವರು ಭಾರತೀಯರಿದ್ದಾರೆ. ಅವರನ್ನು ತಾಳೆಗರಿಯ ಕಟ್ಟು ಹಿಡಿದಿರುವ ಜೈನ ಪಂಡಿತ ಧರ್ಮಯ್ಯ, ಕಾವಲಿ ಲಕ್ಷ್ಮಯ್ಯ ಮತ್ತು ದೂರದರ್ಶಕ ಹಿಡಿದ ಕೃಷ್ಣಾಜಿ ಎಂಬ ಜವಾನ ಎಂದು ಗುರುತಿಸಲಾಗಿದೆ. ಹಿಂದೆ ದೂರದಲ್ಲಿ ನಿಂತಿರುವುದು ಕಾರ್ಕಳದ ಗೊಮ್ಮಟ! ಮದ್ರಾಸಿನಲ್ಲಿ ಬರೆದ ಚಿತ್ರಕ್ಕೆ ಕಾರ್ಕಳದ ಬಾಹುಬಲಿಯನ್ನು ಹಿನ್ನೆಲೆಯಾಗಿ ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು. ಜೈನರು ಬೌದ್ಧರಿಂದ ಬೇರೆಯಾದ, ತಮ್ಮದೇ ಗ್ರಂಥಪರಂಪರೆಯುಳ್ಳ ಸಮುದಾಯ ಎಂಬುದನ್ನು ಯುರೋಪಿನ ವಿದ್ವಾಂಸರ ಗಮನಕ್ಕೆ ತಂದದ್ದನ್ನು ಮೆಕೆಂಜಿ ತನ್ನ ದೊಡ್ಡ ಸಾಧನೆಗಳಲ್ಲೊಂದು ಎಂದೇ ಎಣಿಸಿದ್ದ. ಏಷ್ಯಾಟಿಕ್ ಸೊಸೈಟಿಯ ಸಂಶೋಧನಾ ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಜೈನರ ಬಗ್ಗೆ ಅಚ್ಚಾದ ಲೇಖನದಲ್ಲಿ, ಅದು ಜೈನ ಪುರೋಹಿತರೊಬ್ಬರಿಂದ ಪಡೆದ ವಿವರವೆಂದೂ, ಅನುವಾದಿಸಿದವನು ಕಾವಲಿ ಬೋರಯ್ಯನೆಂದೂ ಸ್ಪಷ್ಟವಾಗಿ ನಮೂದಾಗಿದೆ. ಅಂದಿನ ಕಾಲಕ್ಕೆ ಇದು ಸಾಮಾನ್ಯ ಸಂಗತಿಯಲ್ಲ. ಅದು ಅಚ್ಚಾಗುವ ಹೊತ್ತಿಗೆ ಬೋರಯ್ಯ ಬದುಕಿರಲಿಲ್ಲ.

ಇನ್ನು ದೇವಚಂದ್ರ. ಚಾಮರಾಜನಗರದ ಕಡೆಯ ಮಲೆಯೂರಿನ ಕನಕಗಿರಿಗೆ 1804ರಲ್ಲಿ ಮೆಕೆಂಜಿಯ ಬಿಡಾರ ಬಂದಾಗ, ಸ್ಥಳಪುರಾಣ ತಿಳಿದವರು ಯಾರೆಂದು ಲಕ್ಷ್ಮಯ್ಯ ವಿಚಾರಿಸಿದನಂತೆ. ಆಗ ಮುಂದೆ ಬಂದವನು ಈ ಜೈನ ಕವಿ. ಅವನು ಜೈನ ಆಚಾರ್ಯ ಪೂಜ್ಯಪಾದರ ಚರಿತೆಯನ್ನು ಓದಿ ತೋರಿಸಿದ, ಕೆಲವು ಕಾಲ ಆ ಬಿಡಾರದ ಜೊತೆಯಲ್ಲಿಯೇ ಇದ್ದ, ಕರ್ನಾಟಕದ ಹಳೆಯ ಸಂಗತಿಗಳನ್ನು ಬರೆದು ಕಳಿಸುವಂತೆ ಕೇಳಿಸಿಕೊಂಡ. ಆ ಕೇಳಿಕೆ ಅವನೊಳಗೆ ಮೂರು ದಶಕ ಕುಳಿತಿತ್ತು ಎನ್ನಬೇಕು. ಕೊನೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ದೇವಿರಮ್ಮಣ್ಣಿಯವರ ಆಶ್ರಯದಲ್ಲಿ ‘ರಾಜಾವಳೀ ಕಥೆ’ಯಾಗಿ ಹೊರಬಂತು. ಕನ್ನಡ ಗದ್ಯದಲ್ಲಿ ಅರಸು ಮನೆತನಗಳು, ಜಾತಿಗಳು, ಕವಿಗಳು, ಬಸದಿಗಳ ಐತಿಹ್ಯಗಳನ್ನು ಒಂದೆಡೆ ಜೋಡಿಸಿಟ್ಟ ಗ್ರಂಥ ಅದು. ಕಾಲಗಣನೆ ಎಡವಟ್ಟು, ಪಕ್ಷಪಾತ ಧಾರಾಳ, ಓದಲು ಮಾತ್ರ ಬಹಳ ಸೊಗಸು.

ಹಳೇಕಡತ ಅವರೇ, ನೀವು ಹೇಳುವ ಇತಿಹಾಸಕಾರರ ಸಾಲಿನಲ್ಲಿ ಕಾವಲಿ ಸಹೋದರರಂಥ ತೆಲುಗು ನಿಯೋಗಿ ಬ್ರಾಹ್ಮಣರು ಮಾತ್ರ ಮುಂದೆ ಕುಳಿತಂತಿದೆ. ಧರ್ಮಯ್ಯನಿಲ್ಲದೆ ಹಳಗನ್ನಡದ ಓಲೆಗಳ ಎಷ್ಟು ಪಾಲು ಆ ಬಿಡಾರಕ್ಕೆ ಅರ್ಥವಾಗುತ್ತಿತ್ತು ಎಂಬುದನ್ನೂ ಯೋಚಿಸಿ.


ಎರಡನೇಸಾಕ್ಷಿ

ಎಲ್ಲರೂ ಯಾರಿಗೆ ಪಟ್ಟ ಕಟ್ಟಬೇಕೆಂದು ಚರ್ಚಿಸುತ್ತಿದ್ದೀರಿ. ಆ ದಾಖಲೆಗಳನ್ನು ನಂಬಬಹುದೇ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ.

ಸಂದರ್ಭವನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದು ದೊಡ್ಡ ರಾಜ್ಯ ಬಿದ್ದು ಇನ್ನೂ ಧೂಳು ಅಡಗಿಲ್ಲ. ಹೊಸ ಸರ್ಕಾರ ಯಾವ ಮಾನ್ಯ ಉಳಿಸುತ್ತದೆ, ಯಾವುದನ್ನು ಕಿತ್ತುಕೊಳ್ಳುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆಗ ಕಂಪನಿಯ ಅಧಿಕಾರಿಯೊಬ್ಬನ ಆಳು ಊರಿಗೆ ಬಂದು, ನಿಮ್ಮ ದೇವಸ್ಥಾನಕ್ಕೆ ಭೂಮಿ ಕೊಟ್ಟವರು ಯಾರು, ನಿಮ್ಮ ಗೌಡಿಕೆ ಎಂದಿನಿಂದ, ನಿಮ್ಮ ಪಾಳೆಯಪಟ್ಟು ಎಷ್ಟು ತಲೆಮಾರಿನದು ಎಂದು ಕೇಳುತ್ತಾನೆ. ಶಾನುಭೋಗ ಏನು ಬರೆಸಿಯಾನು? ತನಗೂ ತನ್ನ ಊರಿಗೂ ಅನುಕೂಲವಾದದ್ದನ್ನು. ಅಧಿಕಾರ ಕಳೆದುಕೊಂಡ ಪಾಳೆಯಗಾರನ ಮನೆಯವರು ವಿಜಯನಗರದ ರಾಯರೇ ತಮಗೆ ಸನ್ನದು ಕೊಟ್ಟರೆಂದು ಹೇಳಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಕೆಲವರು ಹೆದರಿ ಓಲೆಗಳನ್ನು ಹೊರಗೆ ತೆಗೆಯಲೇ ಇಲ್ಲ. ಕೇಳಿದವರು ಬಹುತೇಕ ಬ್ರಾಹ್ಮಣರು, ಹೇಳಿದವರೂ ಬಹುತೇಕ ಶಾನುಭೋಗರು, ಅರ್ಚಕರು, ಪಟೇಲರು. ಹೊಲ ಉತ್ತವರ, ಕೆರೆ ತೋಡಿದವರ, ಹೆಂಗಸರ ಮಾತು ಅಲ್ಲಿ ಎಷ್ಟಿದೆ?

ಅಮರಾವತಿಯ ಉದಾಹರಣೆಯೂ ಇದೆ. ಅಲ್ಲಿಯ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಹೊಸ ಪಟ್ಟಣ ಕಟ್ಟಿಸಲು ಕಲ್ಲಿಗಾಗಿ ಅಗೆಸುತ್ತಿದ್ದ ದಿಬ್ಬವನ್ನು ಮೆಕೆಂಜಿ ನೋಡಿದ, ಮುಂದೆ 1816ರಲ್ಲಿ ಮರಳಿ ಬಂದು ಶಿಲ್ಪಗಳ ಚಿತ್ರಗಳನ್ನು ಬಹಳ ನಿಷ್ಠೆಯಿಂದ ಬರೆಯಿಸಿದ. ಆದರೆ ಅದು ಬೌದ್ಧ ಸ್ತೂಪವೆಂದು ಹೊಳೆಯಲಿಲ್ಲ, ಜೈನರದ್ದೆಂದು ಭಾವಿಸಿದ. ಮೈಸೂರಿನ ಜೈನರನ್ನು ಬಲ್ಲವನಿಗೆ ಎಲ್ಲೆಡೆ ಜೈನರೇ ಕಂಡರು. ಸಂಗ್ರಹಕಾರನ ಕಣ್ಣು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಇಷ್ಟು ಸಾಕು.


ಹಳೇಕಡತ

ಎರಡನೇಸಾಕ್ಷಿ ಅವರ ಆಕ್ಷೇಪ ನ್ಯಾಯವಾದದ್ದು. ಆದರೆ ಅದರಿಂದ ಕೈಫಿಯತ್ತನ್ನು ಬದಿಗಿಡಬೇಕು ಎಂಬ ತೀರ್ಮಾನ ಬರುವುದಿಲ್ಲ, ಅದನ್ನು ಓದುವ ಕ್ರಮ ಬದಲಾಗಬೇಕು ಎಂಬುದಷ್ಟೇ ಬರುತ್ತದೆ.

ಕೈಫಿಯತ್ತು ಒಂದೇ ಬಗೆಯ ದಾಖಲೆಯಲ್ಲ. ಒಂದೇ ಊರಿನ ಬರಹದಲ್ಲಿ ಮೊದಲು ಋಷಿಯೊಬ್ಬರ ತಪಸ್ಸು, ಆಮೇಲೆ ಚೋಳರಾಯನೋ ಬಲ್ಲಾಳರಾಯನೋ ಕಾಡು ಕಡಿಸಿ ಊರು ಕಟ್ಟಿಸಿದ ಕಥೆ, ಅದಾದಮೇಲೆ ರಾಯರ ಕಾಲದ ದತ್ತಿಗಳು, ಪಾಳೆಯಗಾರರ ಜಗಳಗಳು, ಕೊನೆಗೆ ಹೈದರ್ ಮತ್ತು ಟಿಪ್ಪುವಿನ ಕಾಲದ ಕಂದಾಯದ ಬದಲಾವಣೆಗಳು ಎಂದು ಪದರ ಪದರವಾಗಿ ಬರುತ್ತವೆ. ಈ ಪದರಗಳು ಒಂದೇ ತೂಕದವಲ್ಲ. ಕೊನೆಯ ಎರಡು ಮೂರು ತಲೆಮಾರಿನ ಸಂಗತಿಗಳು ಹೇಳುವವನ ಅಥವಾ ಅವನ ಅಜ್ಜನ ನೆನಪಿನಲ್ಲಿದ್ದವು. ಅದಕ್ಕೂ ಹಿಂದಿನದನ್ನು ಶಾಸನದ ಬದಿಯಲ್ಲಿಟ್ಟು ನೋಡಬೇಕು. ನೋಡಲು ಈಗ ನಮಗೆ ಅನುಕೂಲವಿದೆ, ಬಿ. ಎಲ್. ರೈಸ್ ಮತ್ತು ಅವರ ನಂತರದವರು ಪ್ರಕಟಿಸಿದ ಶಾಸನ ಸಂಪುಟಗಳು ಬೋರಯ್ಯನ ಕೈಯಲ್ಲಿ ಇರಲಿಲ್ಲ. ಅವನು ಹಳಗನ್ನಡದ ಶಾಸನವನ್ನು ಕಲ್ಲಿನ ಮುಂದೆ ನಿಂತು, ಯಾರ ಮಾದರಿಯೂ ಇಲ್ಲದೆ ಓದಬೇಕಾಗಿತ್ತು. ದೊಡ್ಡೇರಿಯಲ್ಲಿ ಸಿಕ್ಕ ಹಳಗನ್ನಡದ ಶಾಸನವೊಂದನ್ನು ಅವನು ಬಿಡಿಸಿ ಓದಿದನೆಂದು ಅವನ ಇನ್ನೊಬ್ಬ ತಮ್ಮ ವೆಂಕಟ ರಾಮಸ್ವಾಮಿ ಮುಂದೆ ಇಂಗ್ಲಿಷಿನಲ್ಲಿ ಬರೆದ ಕವಿಚರಿತ್ರೆಯಲ್ಲಿ ದಾಖಲಿಸಿದ್ದಾನೆ. ಅಣ್ಣನ ಮೇಲಿನ ಅಭಿಮಾನ ಅಲ್ಲಿದ್ದೀತು, ಆದರೂ ಕೆಲಸದ ಸ್ವರೂಪ ತಿಳಿಯುತ್ತದೆ.

ಊರಿನವರು ಏನನ್ನು ನೋಡಿ ಹೇಳುತ್ತಿದ್ದರು ಎಂಬುದೂ ಮುಖ್ಯ. ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, ಮೆಕೆಂಜಿಯ ಸಂಗ್ರಹವನ್ನು ಧಾರಾಳವಾಗಿ ಬಳಸಿಕೊಂಡು 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ದಕ್ಷಿಣ ಭಾರತದ ಚರಿತ್ರೆ ಬರೆದವನು, ನಮ್ಮ ಕಡತದ ವರ್ಣನೆಯನ್ನು ಅದರಲ್ಲಿ ಕೊಟ್ಟಿದ್ದಾನೆ. ಉದ್ದನೆಯ ಹತ್ತಿಬಟ್ಟೆಗೆ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಸೇರಿಸಿ ಬಳಿದು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಅದು ವ್ಯಾಪಾರಿಗಳಿಗೂ ಶಾನುಭೋಗರಿಗೂ ಅನುಕೂಲ. ಅಳಿಸಬಹುದಾದ ದಾಖಲೆಯನ್ನು ನಂಬುವುದು ಹೇಗೆ ಎಂದು ಎರಡನೇಸಾಕ್ಷಿ ಅವರು ಕೇಳಿಯಾರು. ಆದರೆ ಮನೆತನದ ಶಾನುಭೋಗಿಕೆ ಆ ಕಡತದ ಮೇಲೆಯೇ ನಿಂತಿದ್ದಾಗ, ಅದನ್ನು ತಿದ್ದುವುದು ಅಷ್ಟು ಸಲೀಸಾಗಿರಲಿಲ್ಲ; ಊರಿನಲ್ಲಿ ಎದುರು ಪಕ್ಷದವರು ಇದ್ದೇ ಇರುತ್ತಿದ್ದರು.

ಇನ್ನೊಂದು ಮಾತು. ಸಂಗ್ರಹಕಾರರು ಹೋದಲ್ಲಿಂದ ಲಕ್ಷ್ಮಯ್ಯನಿಗೂ ಮೆಕೆಂಜಿಗೂ ಪತ್ರ ಮತ್ತು ದಿನಚರಿಯ ವರದಿಗಳನ್ನು ಕಳಿಸುತ್ತಿದ್ದರು, ಅವುಗಳಲ್ಲಿ ಬಹಳಷ್ಟು ಉಳಿದಿವೆ. ಇಂಥವರು ಓಲೆ ತೋರಿಸಲು ಒಪ್ಪಲಿಲ್ಲ, ಇಂಥಲ್ಲಿ ಅಮಲ್ದಾರನ ಚೀಟಿ ಇಲ್ಲದೆ ಯಾರೂ ಬಾಯಿಬಿಡಲಿಲ್ಲ, ಇಲ್ಲಿ ಕಾದು ಕುಳಿತರೂ ಪ್ರಯೋಜನವಾಗಲಿಲ್ಲ ಎಂಬ ಬಗೆಯ ಸಂಗತಿಗಳು ಅಲ್ಲಿ ಸಿಗುತ್ತವೆ. ತನ್ನ ಆಧಾರ ಹೇಗೆ ಸಿಕ್ಕಿತು ಎಂಬುದನ್ನು ಹೀಗೆ ಬರೆದಿಟ್ಟ ಚರಿತ್ರೆಕಾರರು ಆ ಕಾಲದಲ್ಲಿ ಎಷ್ಟು ಜನ?


ಮದರಾಸಿನ ಕನ್ನಡಿಗ

ಸಂಗ್ರಹ ಮುಂದೆ ಏನಾಯಿತು ಎಂಬುದು ಚರ್ಚೆಯಲ್ಲಿ ಇನ್ನೂ ಬಂದಿಲ್ಲ. ಲಕ್ಷ್ಮಯ್ಯನಿಗೆ ಆದ ಅನ್ಯಾಯ ಅರ್ಥವಾಗಬೇಕಾದರೆ ಅದನ್ನು ಹೇಳಲೇಬೇಕು.

ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡು, 1817ರಲ್ಲಿ ಕಲ್ಕತ್ತೆಗೆ ಹೋದ. ಲಕ್ಷ್ಮಯ್ಯ, ಧರ್ಮಯ್ಯ ಮುಂತಾದವರನ್ನೂ, ಓಲೆ ಕಾಗದಗಳ ಪೆಟ್ಟಿಗೆಗಳನ್ನೂ ಜೊತೆಗೆ ಕರೆದೊಯ್ದ. ಎಲ್ಲವನ್ನೂ ವಿಂಗಡಿಸಿ ಪಟ್ಟಿ ಮಾಡಿ, ಊರಿಗೆ ಮರಳಿ ಬರೆಯಬೇಕೆಂಬ ಆಸೆ ಅವನಿಗಿತ್ತು. ದೇಹ ಸೋತಿತ್ತು. 1821ರ ಮೇ 8ರಂದು, ಹವೆ ಬದಲಾವಣೆಗೆಂದು ಹೂಗ್ಲಿ ನದಿಯಲ್ಲಿ ಸಮುದ್ರದ ಕಡೆಗೆ ಹೋಗುತ್ತಿದ್ದಾಗ ತೀರಿಕೊಂಡ; ಸಮಾಧಿ ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿದೆ. ಸಂಗ್ರಹದ ಬಹುಪಾಲು ಖರ್ಚನ್ನು ಸ್ವಂತ ಸಂಬಳದಿಂದ ಹಾಕಿದ್ದರಿಂದ ಅದು ಅವನ ಖಾಸಗಿ ಆಸ್ತಿಯಾಗಿತ್ತು. ಕಂಪನಿ ಅದನ್ನು ಅವನ ಹೆಂಡತಿಯಿಂದ 1,00,000 ರೂಪಾಯಿಗೆ ಕೊಂಡಿತು.

ಪಟ್ಟಿ ಮಾಡುವ ಕೆಲಸವನ್ನು ಕೈಗೆತ್ತಿಕೊಂಡವನು ಸಂಸ್ಕೃತ ವಿದ್ವಾಂಸ ಹೊರೇಸ್ ಹೇಮನ್ ವಿಲ್ಸನ್. 1828ರಲ್ಲಿ ಅಚ್ಚಾದ ಅವನ ಪಟ್ಟಿಯ ಪ್ರಕಾರ ಸಾಹಿತ್ಯದ ಹಸ್ತಪ್ರತಿಗಳು 1,568, ಸ್ಥಳೀಯ ಬರಹಗಳು 2,070, ಶಾಸನಗಳ ಪ್ರತಿಗಳು 8,076, ಅನುವಾದಗಳು 2,159, ಚಿತ್ರಗಳು 2,630, ನಾಣ್ಯಗಳು 6,218. ವಿಲ್ಸನ್ನನಿಗೆ ಕನ್ನಡ, ತೆಲುಗು, ತಮಿಳು ಬರುತ್ತಿರಲಿಲ್ಲ. ಮೆಕೆಂಜಿಯ ಪಂಡಿತರು ಮಾಡಿಕೊಟ್ಟ ಸಾರಾಂಶಗಳ ಮೇಲೆಯೇ ಆ ಪಟ್ಟಿ ನಿಂತಿದೆ, ಅದನ್ನು ಅವನು ಮುಚ್ಚಿಟ್ಟೂ ಇಲ್ಲ. ಹೊದಿಕೆಯ ಮೇಲೆ ಮಾತ್ರ ಪಂಡಿತರ ಹೆಸರಿಲ್ಲ. ಮೆಕೆಂಜಿ ತೀರಿಕೊಂಡ ಮೇಲೆ ಸಂಗ್ರಹ ಚೂರಾಯಿತು: 1823 ಮತ್ತು 1825ರಲ್ಲಿ ಒಂದಷ್ಟು ಭಾಗ ಲಂಡನ್ನಿಗೆ ಹೋಯಿತು, ದಕ್ಷಿಣದ ಭಾಷೆಗಳ ದಾಖಲೆಗಳು 1828ರಲ್ಲಿ ಮದ್ರಾಸಿಗೆ ಮರಳಿದವು. ಈಗ ಅವು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಒಂದೇ ಊರಿನ ಮೂಲ ಹೇಳಿಕೆ ಚೆನ್ನೈನಲ್ಲಿ, ಅದರ ಇಂಗ್ಲಿಷ್ ಅನುವಾದ ಮತ್ತು ಕೋಟೆಯ ಚಿತ್ರ ಲಂಡನ್ನಿನಲ್ಲಿ ಎಂಬ ಸ್ಥಿತಿ ಇಂದಿಗೂ ಮುಂದುವರಿದಿದೆ.

ಲಕ್ಷ್ಮಯ್ಯ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಮದ್ರಾಸಿಗೆ ಮರಳಿ, ಅಲ್ಲಿಯ ಭಾರತೀಯರ ಸಾಹಿತ್ಯ ಸಂಘವೊಂದರ ಮುಂದಾಳಾಗಿ, ತನ್ನ ಸ್ವಾಮಿಯ ಕೆಲಸವನ್ನು ಮುಂದುವರಿಸಲು ತನಗೆ ಅನುಮತಿ ಮತ್ತು ನೆರವು ಕೊಡಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಕೆಲಸ ಮಾಡಿದವನು, ಯಾವ ಊರಿನ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಬಲ್ಲವನು. ಅರ್ಜಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಹೋದಾಗ, 1836ರಲ್ಲಿ, ಆಗ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಬರೆದದ್ದರ ತಾತ್ಪರ್ಯ ಹೀಗಿತ್ತು: ಇಂಥ ಹೊಣೆಗೆ ಲಕ್ಷ್ಮಯ್ಯನಷ್ಟೇ ಅಲ್ಲ, ಯಾವ ದೇಶೀಯನೂ ಸಮರ್ಥನಲ್ಲ, ಸಹಾಯಕರಾಗಿ ಅವರು ಉಪಯುಕ್ತರಾದಾರು. ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮಹಾನುಭಾವನೇ ಹೀಗೆ ಬರೆದದ್ದು. ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು.

ಆದ್ದರಿಂದ ‘ಇತಿಹಾಸಕಾರ ಯಾರು’ ಎಂಬ ಪ್ರಶ್ನೆ ನಾವು ಇಂದು ಹುಟ್ಟಿಸಿದ್ದಲ್ಲ. ಅದನ್ನು 1836ರಲ್ಲಿಯೇ ಕೇಳಲಾಗಿತ್ತು, ಉತ್ತರವನ್ನೂ ಕೊಟ್ಟಾಗಿತ್ತು. ನಾವು ಮಾಡಬೇಕಾದದ್ದು ಆ ತೀರ್ಪಿನ ಮರುವಿಚಾರಣೆ.


ಎರಡನೇಸಾಕ್ಷಿ

ಪ್ರಿನ್ಸೆಪ್ಪನ ಸಂಗತಿ ತಿಳಿಸಿದ್ದಕ್ಕೆ ಕೃತಜ್ಞತೆಗಳು. ಹಾಗಾದರೆ ಜಾವಾದ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ಮೆಕೆಂಜಿಯ ಬದುಕನ್ನು ಬರೆಯುವವರು ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

1811ರಲ್ಲಿ ಬ್ರಿಟಿಷರು ಜಾವಾವನ್ನು ಹಿಡಿದಾಗ ಮೆಕೆಂಜಿ ಎಂಜಿನಿಯರುಗಳ ಮುಖ್ಯಸ್ಥನಾಗಿ ಹೋದ. ಮೈಸೂರು ಸರ್ವೆಯಲ್ಲಿ ವೈದ್ಯನಾಗಿದ್ದ ಜಾನ್ ಲೇಡನ್ ಕೂಡ ಅದೇ ದಂಡಿನಲ್ಲಿದ್ದ, ಅಲ್ಲಿಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ ಜ್ವರದಿಂದ ಸತ್ತ. ಮೆಕೆಂಜಿ ಅಲ್ಲಿ ಸುಮಾರು ಎರಡು ವರ್ಷ ಇದ್ದು, ಪ್ರಂಬಾನನ್ ದೇಗುಲಗಳ ಬಗ್ಗೆ ಲೇಖನ ಬರೆದ, ಭೂಮಿಯ ಹಕ್ಕುಗಳ ವಿಚಾರಣೆ ನಡೆಸಿದ, ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬವಳನ್ನು ಮದುವೆಯಾದ. 1812ರ ಜೂನ್‌ನಲ್ಲಿ ಯೋಗ್ಯಕರ್ತದ ಸುಲ್ತಾನನ ಅರಮನೆಯನ್ನು ಮುತ್ತಿ ಲೂಟಿ ಮಾಡಿದಾಗ ಹಸ್ತಪ್ರತಿಗಳನ್ನು ಹಂಚಿಕೊಂಡ ಅಧಿಕಾರಿಗಳಲ್ಲಿ ಅವನೂ ಒಬ್ಬ. ಅಲ್ಲಿಂದ ಬಂದ 75 ಹಸ್ತಪ್ರತಿಗಳ ಡಿಜಿಟಲ್ ಪ್ರತಿಗಳನ್ನು ಬ್ರಿಟಿಷ್ ಲೈಬ್ರರಿ 2019ರಲ್ಲಿ ಈಗಿನ ಸುಲ್ತಾನರಿಗೆ ಒಪ್ಪಿಸಿತು. ಮೂಲಗಳು ಲಂಡನ್ನಿನಲ್ಲಿಯೇ ಉಳಿದವು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗ್ರಂಥಭಂಡಾರವೂ ಹೀಗೆಯೇ ಗೆದ್ದವರ ಪಾಲಾದದ್ದನ್ನು ಬಲ್ಲ ನಮಗೆ ಇದು ಹೊಸ ಕಥೆಯಲ್ಲ. ಊರಿನ ಶಾನುಭೋಗನಿಂದ ಪ್ರತಿ ಮಾಡಿಸಿಕೊಂಡದ್ದನ್ನೂ ಅರಮನೆಯಿಂದ ಹೊತ್ತು ತಂದದ್ದನ್ನೂ ‘ಮೆಕೆಂಜಿ ಸಂಗ್ರಹ’ ಎಂಬ ಒಂದೇ ಹೆಸರಿನ ಕೆಳಗೆ ಓದುವುದು ನನಗೆ ಕಷ್ಟ.


ಬಾಂದುಕಲ್ಲು

ಎರಡನ್ನೂ ಬೇರೆಯಾಗಿ ಓದಬೇಕು ಎಂಬುದನ್ನು ಒಪ್ಪುತ್ತೇನೆ. ಮೈಸೂರಿನ ಮಟ್ಟಿಗೆ ಮೂಲ ಕಡತ ಶಾನುಭೋಗನ ಬಳಿಯೇ ಉಳಿಯುತ್ತಿತ್ತು, ಪ್ರತಿ ಮಾತ್ರ ಬಿಡಾರಕ್ಕೆ ಹೋಗುತ್ತಿತ್ತು ಎಂಬುದು ಸಾಮಾನ್ಯ ಕ್ರಮ. ಆ ಮೂಲಗಳು ನಮ್ಮ ಅಟ್ಟಗಳ ಮೇಲೆಯೇ ಗೆದ್ದಲು ಹಿಡಿದು ಹೋದದ್ದಕ್ಕೆ ಮೆಕೆಂಜಿಯನ್ನು ದೂರುವಂತಿಲ್ಲ.


ಬಸದಿಯ ಓದುಗಿ

ಮರುವಿಚಾರಣೆ ಎಂದು ಮದರಾಸಿನ ಕನ್ನಡಿಗ ಅವರು ಹೇಳಿದ್ದರಿಂದ ಒಂದು ಕೆಲಸದ ಮಾತು. ಕನ್ನಡದ ಕೈಫಿಯತ್ತುಗಳಲ್ಲಿ ಒಂದು ದೊಡ್ಡ ಭಾಗವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಪ್ರಕಟಿಸಿದೆ. ಊರಿನ ಚರಿತ್ರೆ ಬರೆಯುವವರು ಮೊದಲು ನೋಡಬೇಕಾದದ್ದು ಅದನ್ನು. ಆದರೆ ಕರ್ನಾಟಕದ ಊರುಗಳ ಹೇಳಿಕೆಗಳೆಲ್ಲ ಕನ್ನಡದಲ್ಲಿಯೇ ಇಲ್ಲ. ಬಳ್ಳಾರಿಯ ಕಡೆಯವು, ಕೋಲಾರದ ಕಡೆಯವು ತೆಲುಗಿನಲ್ಲಿಯೂ ಇವೆ. ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ಇರುವವೂ ಇವೆ. ಕನ್ನಡದ ಸಂಪುಟದಲ್ಲಿ ತಮ್ಮ ಊರು ಸಿಗಲಿಲ್ಲವೆಂದು ಕೈಬಿಟ್ಟವರು ಆ ಭಾಷೆಗಳ ಪಟ್ಟಿಗಳನ್ನು ನೋಡಿರುವುದಿಲ್ಲ.

ಹೋಲಿಕೆಯ ಒಂದು ಪ್ರಯತ್ನವನ್ನು ಈ ಬಳಗವೇ ಮಾಡಬಹುದು. ಮಲೆಯೂರು ಮತ್ತು ಕನಕಗಿರಿಯ ಮಟ್ಟಿಗೆ ನಮಗೆ ಮೂರು ಬಗೆಯ ಆಧಾರಗಳಿವೆ: ಬೆಟ್ಟದ ಮೇಲಿನ ಶಾಸನಗಳು, ದೇವಚಂದ್ರನ ಗ್ರಂಥ, ಮತ್ತು ಸಂಗ್ರಹದಲ್ಲಿರುವ ಜೈನ ಬರಹಗಳು. ಒಂದೇ ಬಸದಿಯ ಬಗ್ಗೆ ಈ ಮೂರೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಸಾಲು ಸಾಲಾಗಿ ಇಟ್ಟು ನೋಡಿದರೆ, ಧರ್ಮಯ್ಯ ಮತ್ತು ಲಕ್ಷ್ಮಯ್ಯ ಕೇಳಿದ್ದನ್ನು ಇದ್ದಂತೆ ಬರೆದರೋ, ತಾವೂ ತಿದ್ದಿದರೋ ಎಂಬುದು ಕಣ್ಣಿಗೆ ಕಾಣುತ್ತದೆ. ಶಾಸನಗಳ ಪಾಠವನ್ನು ನಾನು ಟೈಪ್ ಮಾಡಿ ಇಲ್ಲಿ ಹಾಕುತ್ತೇನೆ. ಮದರಾಸಿನ ಕನ್ನಡಿಗ ಅವರು ಹಸ್ತಪ್ರತಿ ಗ್ರಂಥಾಲಯದಲ್ಲಿ ಮಲೆಯೂರಿನ ಬರಹಗಳ ಕ್ರಮಾಂಕ ಹುಡುಕಿಕೊಡಬಲ್ಲರೇ? ಬಾಂದುಕಲ್ಲು ಅವರು ಆ ಭಾಗದ ಹಳೆಯ ನಕ್ಷೆಯನ್ನು ಇಂದಿನ ಗ್ರಾಮನಕ್ಷೆಯೊಂದಿಗೆ ಹೊಂದಿಸಿ, ಬೇಚರಾಕ್ (ಜನವಸತಿಯಿಲ್ಲದೆ ಪಾಳು) ಆಗಿರುವ ಊರುಗಳನ್ನು ಗುರುತಿಸಿಕೊಟ್ಟರೆ ಇನ್ನೂ ಒಳ್ಳೆಯದು.


ಮದರಾಸಿನ ಕನ್ನಡಿಗ

ಹುಡುಕಿಕೊಡುತ್ತೇನೆ. ಟೇಲರ್ ಮಾಡಿದ ಪಟ್ಟಿಯ ಕ್ರಮಾಂಕವೂ ಈಗ ಗ್ರಂಥಾಲಯದಲ್ಲಿರುವ ಕ್ರಮಾಂಕವೂ ಬೇರೆ ಬೇರೆಯಾಗಿರುವುದರಿಂದ ಸ್ವಲ್ಪ ಸಮಯ ಹಿಡಿಯುತ್ತದೆ. ಎರಡನ್ನೂ ಎದುರುಬದುರಾಗಿ ಬರೆದು ಹಾಕುತ್ತೇನೆ, ಬೇರೆ ಊರಿನವರಿಗೂ ಬೇಕಾದೀತು.